ಥಂಡಿಯೊಳಗ ಗುಡ್ಡ ಇಳಿಯೋ ಮುಂದ

ಸೈಕಲ್ ತುಳಿದು ಗುಡ್ಡ ಹತ್ತಿ ನಿಂತಾಗ ನಮ್ಮ ಬಳಗದ ಮಾಸ್ತರರ ಬನಿಯನ್ ಹಿಂಡಿದರೆ ನೀರು ಇಳಿಯುವಂತಿತ್ತು. ಡಿಸೆಂಬರ್ ತಿಂಗಳು, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಎರಡು ದಿನದಿಂದ ಮೋಡ ಮುಚ್ಚಿತ್ತು, ನಡುನಡುವೆ ತುಂತುರು. ಫೋಟೊ ಹೊಡೆದುಕೊಂಡು, ಗಾಳಿಗೆ ಮೈಯೊಡ್ಡಿ ಹತ್ತು ನಿಮಿಷ ಹರಟೆ ಹೊಡೆದು ಇಳಿಯಲು ಶುರು ಮಾಡಿದೆವು. ಎರಡನೇ ತಿರುವು ಬರುವಷ್ಟರಲ್ಲಿ ಹಿಂದಿನಿಂದ ಕೂಗು: “ಲೇ, ಸರೀರಲೇ! ಬ್ರೇಕ್ ಹಿಡೀವಲ್ದು!” ನಾವು ಸರಿದೆವು. ಮಾಸ್ತರರು ನಮ್ಮ ನಡುವೆಯೇ ಹಾದು ದಂಡೆಯ ಹುಲ್ಲಿಗೆ ನುಗ್ಗಿ ಮಲಗಿದರು. ಮೊಣಕಾಲು ತರಚಿತ್ತು, ಅಷ್ಟೇ. ಸೈಕಲ್ ಎತ್ತಿ ನೋಡಿದರೆ ಬ್ರೇಕ್ ಗಟ್ಟಿಯಾಗೇ ಇತ್ತು. ಹಿಡಿಯದೆ ಹೋದದ್ದು ಅವರ ಬೆರಳು.

ಹತ್ತುವುದು ಎದೆ-ಕಾಲಿನ ಕೆಲಸ, ಇಳಿಯುವುದು ಬೆರಳಿನ ಕೆಲಸ. ಹತ್ತುವಾಗ ಥಂಡಿ ಗೊತ್ತೇ ಆಗುವುದಿಲ್ಲ. ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಮೈ ಬೆವತು ತೊಯ್ದಿದೆ, ಎದುರು ಗಾಳಿ ಬೇರೆ. ಬೆರಳು ಕೈಕೊಡದ ಹಾಗೆ ನೋಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ. ಉಳಿದ ಕಾಲು ಪಾಲು ಗೆಳೆಯರಿಂದ ಬರುವ ಅಪಾಯ. ಅದಕ್ಕೂ ಬರುತ್ತೇನೆ.

ನಮ್ಮ ದಾರಿ ಗದಗದಿಂದ ಡಂಬಳ, ಅಲ್ಲಿಂದ ಡೋಣಿ ಕಡೆಯಿಂದ ಕಪ್ಪತಗುಡ್ಡ. ಬೇರೆ ಗುಡ್ಡಕ್ಕೆ ಹೋಗುವವರಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ.

ಹೋಗುವ ಮುಂಚೆ

“ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತ್ತಗಿರಿ ನೋಡೋದು ಲೇಸು” ಅಂತ ನಮ್ಮ ಕಡೆ ಮಾತಿದೆ. ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ಹಿಡಿದು ತುಂಗಭದ್ರೆ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 63 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಸಾಲು ಇದು. 2019ರಲ್ಲಿ ಇದರ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಹಾಗಾಗಿ ಮೊದಲ ಹೆಜ್ಜೆ ಸೈಕಲ್ ಒರೆಸುವುದಲ್ಲ, ಅರಣ್ಯ ಇಲಾಖೆಯವರನ್ನು ಕೇಳುವುದು. ಯಾವ ದಾರಿಗೆ ಬಿಡುತ್ತಾರೆ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಎಷ್ಟು ಹೊತ್ತಿಗೆ ಕೆಳಗಿರಬೇಕು, ಇಷ್ಟನ್ನು ಕೇಳಿಕೊಂಡೇ ದಿನ ಗೊತ್ತು ಮಾಡಿ. ಕತ್ತಲಲ್ಲಿ ಹತ್ತಿ ಮೇಲೆ ಸೂರ್ಯೋದಯ ನೋಡಬೇಕು ಅನ್ನುವ ಹುಚ್ಚು ಪ್ರತಿ ಗುಂಪಿನಲ್ಲೂ ಒಬ್ಬರಿಗೆ ಇರುತ್ತದೆ. ಆ ಗುಡ್ಡದಲ್ಲಿ ಚಿರತೆ, ಕತ್ತೆಕಿರುಬ, ತೋಳ ಇವೆ. ಕತ್ತಲು ಅವುಗಳ ಹೊತ್ತು. ಜನವರಿಯಲ್ಲಿ ನಮ್ಮಲ್ಲಿ ಹೊತ್ತು ಮೂಡುವುದು ಹತ್ತಿರಹತ್ತಿರ ಏಳಕ್ಕೆ. ಬೆಳಕು ಹರಿದ ಮೇಲೆ ಹತ್ತಿದರೂ ಮಂಜು ಸಿಗುತ್ತದೆ, ಥಂಡಿಯೂ ಸಿಗುತ್ತದೆ, ಚಿಂತೆ ಬೇಡ.

ದೀಪಾವಳಿ ಕಳೆದ ಮೇಲೆ ಶುರುವಾಗುವ ಚಳಿ “ಶಿವ ಶಿವಾ” ಅಂತ ಓಡಿ ಹೋಗುವುದು ಶಿವರಾತ್ರಿಗೆ. ನಡುವೆ ಎಳ್ಳ ಅಮಾವಾಸ್ಯೆಯಿಂದ ಸಂಕ್ರಾಂತಿಯ ಆಚೀಚೆ ಥಂಡಿ ಗಟ್ಟಿ. ಹೊಳೆಯುವ ಆಕಾಶದ ಥಂಡಿಗೆ ನಾನು ಅಂಜುವುದಿಲ್ಲ, ಒಂಬತ್ತು ಗಂಟೆಗೆ ಬಿಸಿಲು ಮೈ ಕಾಯಿಸುತ್ತದೆ. ಅಂಜಬೇಕಾದ್ದು ಮಾಸ್ತರರು ಬಿದ್ದಂಥ ದಿನಕ್ಕೆ: ಮೋಡ, ತುಂತುರು, ಗಾಳಿ ಮೂರೂ ಸೇರಿದಾಗ. ಅಂಥ ದಿನ ಗುಡ್ಡ ಬಿಡಿ, ಡಂಬಳಕ್ಕೆ ಹೋಗಿ ದೊಡ್ಡಬಸಪ್ಪನ ಗುಡಿ ನೋಡಿ ಬನ್ನಿ. ನಕ್ಷತ್ರದ ಹಾಗೆ ಮೂಲೆಮೂಲೆಯಾಗಿ ಎದ್ದ ಆ ಗೋಡೆಗಳನ್ನು ಒಂದು ಸುತ್ತು ಹಾಕಲು ಅರ್ಧ ತಾಸು ಬೇಕು.

ಹಿಂದಿನ ರಾತ್ರಿ ಸೈಕಲ್ ನೋಡುವುದು

ಗೇರ್ ಎಷ್ಟಿವೆ, ಸೈಕಲ್ ಎಷ್ಟು ಸಾವಿರದ್ದು, ಇಳಿಯುವಾಗ ಇದ್ಯಾವುದೂ ಲೆಕ್ಕಕ್ಕಿಲ್ಲ. ಮೂರನ್ನು ನೋಡಿ: ಬ್ರೇಕ್, ಗಾಲಿ, ಹ್ಯಾಂಡಲ್.

ಬ್ರೇಕ್ ರಬ್ಬರಿನ ಗೀರುಗಳು ಸವೆದು ನುಣ್ಣಗಾಗಿದ್ದರೆ ಬದಲಿಸಿ, ಇನ್ನೊಂದು ಸವಾರಿಗೆ ಆದೀತು ಅಂತ ಬಿಡಬೇಡಿ. ರಬ್ಬರಿನಲ್ಲಿ ಹೊಳೆಯುವ ಚೂರು ಸಿಕ್ಕಿದ್ದರೆ ಸೂಜಿಯಿಂದ ಕೀಳಿ, ಅದು ರಿಮ್ಮನ್ನು ಕೊರೆಯುತ್ತದೆ. ಡಿಸ್ಕ್ ಬ್ರೇಕ್ ಇದ್ದವರು ಚೈನಿಗೆ ಎಣ್ಣೆ ಬಿಡುವಾಗ ಡಿಸ್ಕಿಗೆ ಒಂದು ಹನಿಯೂ ತಾಗದಂತೆ ನೋಡಿಕೊಳ್ಳಿ. ನಮ್ಮ ಕಿರಾಣಿ ಅಂಗಡಿಯ ಗೆಳೆಯ ಒಮ್ಮೆ ಭಕ್ತಿಯಿಂದ ಡಿಸ್ಕಿಗೂ ಎಣ್ಣೆ ಸವರಿಕೊಂಡು ಬಂದಿದ್ದ; ಆ ದಿನ ಅವನು ಗುಡ್ಡವನ್ನು ನಡೆದೇ ಇಳಿದ. ಬ್ರೇಕಿನ ಹಿಡಿಕೆ ಬೆರಳಿಗೆ ದೂರವಿದ್ದರೆ ಮೆಕ್ಯಾನಿಕ್ಕಿಗೆ ಹೇಳಿ ಹತ್ತಿರ ತರಿಸಿ. ಬೆಚ್ಚಗಿರುವ ಬೆರಳಿಗೆ ಇದು ಸಣ್ಣ ಮಾತು, ಸೆಟೆದ ಬೆರಳಿಗೆ ದೊಡ್ಡದು. ಯಾವ ಕೈಯಲ್ಲಿ ಮುಂದಿನ ಬ್ರೇಕ್, ಯಾವ ಕೈಯಲ್ಲಿ ಹಿಂದಿನದು ಅನ್ನುವುದನ್ನೂ ನೋಡಿಕೊಳ್ಳಿ. ಗೆಳೆಯನ ಸೈಕಲ್ ಇಸಕೊಂಡು ಬಂದಿದ್ದರೆ ಇದು ಅದಲುಬದಲಾಗಿರಬಹುದು.

ಗಾಲಿಯ ಹವಾ ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು. ಮಧ್ಯಾಹ್ನ 30 ಡಿಗ್ರಿ ಸೆಕೆಯಲ್ಲಿ 40 ಪಿಎಸ್‌ಐ ಒತ್ತಡಕ್ಕೆ ಹಾಕಿಸಿದ ಹವಾ, ಬೆಳಗಿನ 12 ಡಿಗ್ರಿಯಲ್ಲಿ ಹೆಚ್ಚುಕಡಿಮೆ 37ಕ್ಕೆ ಇಳಿದಿರುತ್ತದೆ. ಪಂಕ್ಚರ್ ಇಲ್ಲ, ಏನಿಲ್ಲ, ಥಂಡಿಗೆ ಗಾಳಿ ಕುಗ್ಗಿದ್ದು. ಇಷ್ಟು ಇಳಿದರೆ ತೊಂದರೆಯಿಲ್ಲ. ಮೊದಲೇ ಕಡಿಮೆ ಇದ್ದರೆ ಮಾತ್ರ ಕಲ್ಲಿಗೆ ಬಡಿದಾಗ ಟ್ಯೂಬ್ ಹಿಚುಕಿ ಹರಿಯುತ್ತದೆ. ಇಳುಕಿನಲ್ಲಿ ಹಿಡಿತ ಚೆನ್ನಾಗಿರಲಿ ಅಂತ ಹವಾ ಪೂರ್ತಿ ಬಿಡುವವರಿದ್ದಾರೆ, ಬೇಡ. ಬಳ್ಳಾರಿ ಜಾಲಿಯ ಮುಳ್ಳಿಗಂತೂ ನಮ್ಮ ಸೀಮೆಯಲ್ಲಿ ಬರವಿಲ್ಲ. ಗುಂಪಿಗೆ ಎರಡು ಟ್ಯೂಬ್, ಒಂದು ಪಂಪು, ಪಂಕ್ಚರ್ ಸಾಮಾನು ಇರಲಿ.

ಹ್ಯಾಂಡಲ್ ನೋಡುವುದು ಸುಲಭ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಬಿಗಿ ಮಾಡಿಸದೆ ಹೊರಡಬೇಡಿ.

ಬಟ್ಟೆ

ಅಂಗಡಿಯ ದುಬಾರಿ ಜಾಕೆಟ್ ಇಲ್ಲದೆಯೂ ಆಗುತ್ತದೆ. ಹತ್ತುವಾಗ ತೆಳ್ಳಗೆ ತೊಡಿ. ಗದಗ ಬಿಡುವಾಗ ಕೊಂಚ ನಡುಗಿದರೆ ಸರಿಯಾಗಿ ತೊಟ್ಟಿದ್ದೀರಿ ಅಂತ ತಿಳಿಯಿರಿ. ಮನೆಯಿಂದ ಬೆಚ್ಚಗೆ ಹೊರಟವನು ಗುಡ್ಡದ ಬುಡದಲ್ಲೇ ಬೆವತು ಸ್ವೇಟರ್ ತೊಯ್ಸಿಕೊಳ್ಳುತ್ತಾನೆ, ಇಳಿಯುವಾಗ ಅದೇ ಸ್ವೇಟರ್ ತಣ್ಣೀರು ಪಟ್ಟಿ. ಬೆನ್ನಚೀಲದಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇಷ್ಟು ಇಟ್ಟುಕೊಳ್ಳಿ: ಒಣ ಬನಿಯನ್, ಗಾಳಿ ತಡೆಯುವ ಮಳೆಕೋಟು, ಕಿವಿ ಮುಚ್ಚುವ ತೆಳು ಬಟ್ಟೆ, ಕೈಗವಸು, ಎರಡು ದಿನದ ಹಳೆಯ ಪೇಪರ್.

ಪೇಪರ್ ಓದಲಿಕ್ಕಲ್ಲ. ಯುರೋಪಿನ ಸೈಕಲ್ ಪಂದ್ಯಗಳಲ್ಲಿ ಗುಡ್ಡದ ನೆತ್ತಿಯ ಮೇಲೆ ನಿಂತ ಜನ ಸವಾರರ ಕೈಗೆ ಸುದ್ದಿಪತ್ರಿಕೆ ಕೊಡುತ್ತಿದ್ದರು, ಅವರು ಅದನ್ನು ಅಂಗಿಯೊಳಗೆ ಎದೆಗೆ ತುರುಕಿಕೊಂಡು ಇಳಿಯುತ್ತಿದ್ದರು. ಗಾಳಿ ತಡೆಯುತ್ತದೆ, ಬೆವರು ಹೀರುತ್ತದೆ, ತೂಕವಿಲ್ಲ. ನಾಲ್ಕು ಪದರ ಮಡಿಸಿ ಬನಿಯನ್ ಮತ್ತು ಅಂಗಿಯ ನಡುವೆ ಇಟ್ಟುಕೊಂಡರೆ ಸಾಕು. ಕೆಳಗೆ ಬಂದ ಮೇಲೆ ಅದೇ ಪೇಪರಿನಲ್ಲಿ ಮಿರ್ಚಿ ಕಟ್ಟಿಸಿಕೊಳ್ಳಲು ಹೊರಟವನೂ ನಮ್ಮಲ್ಲಿದ್ದಾನೆ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಉಣ್ಣೆಯ ಕೈಗವಸು ಒಂದೇ ಸಾಲದು, ಗಾಳಿ ಅದರೊಳಗೆ ಜರಡಿಯಲ್ಲಿ ಹಾದಂತೆ ಹಾಯುತ್ತದೆ. ಔಷಧ ಅಂಗಡಿಯಲ್ಲಿ ಸಿಗುವ ತೆಳು ರಬ್ಬರ್ ಕೈಗವಸು ಒಳಗೆ, ಉಣ್ಣೆಯದು ಹೊರಗೆ ಹಾಕಿಕೊಳ್ಳಿ. ಒಳಗೆ ಬೆವರುತ್ತದೆ, ಆದರೆ ಬೆರಳು ಬೆಚ್ಚಗಿರುತ್ತದೆ. ಮಂಗನ ಟೊಪ್ಪಿಗೆಯ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಕೂರಿಸಿದರೂ ಹಿಂದಿನವನ ಕೂಗು ಕೇಳುವುದಿಲ್ಲ. ಮಫ್ಲರ್, ವೇಲ್ ಹಾಕುವವರು ತುದಿಗಳನ್ನು ಅಂಗಿಯೊಳಗೆ ಸಿಕ್ಕಿಸಬೇಕು, ಗಾಲಿಯ ಕಡ್ಡಿಗೆ ಸುತ್ತಿದರೆ ಕುತ್ತಿಗೆಗೇ ಬರುತ್ತದೆ. ಇಳಿಯುವಾಗ ಗಾಳಿಗೆ ಕಣ್ಣಲ್ಲಿ ನೀರು ಬಂದು ದಾರಿ ಮಸುಕಾಗುತ್ತದೆ, ಬಿಳಿ ಗಾಜಿನ ಕನ್ನಡಕ ಇರಲಿ. ಕಪ್ಪು ಗಾಜು ಬೇಡ, ನೆರಳಿನ ತಿರುವಿನಲ್ಲಿ ಗುಂಡಿ ಕಾಣುವುದಿಲ್ಲ.

ಹತ್ತುವಾಗಲೇ ಇಳಿಯುವ ದಾರಿ ಓದಿ

ಹತ್ತುವಾಗ ವೇಗ ನಡಿಗೆಯಷ್ಟೇ, ನೋಡಲು ಬೇಕಾದಷ್ಟು ಹೊತ್ತಿದೆ. ಎಲ್ಲಿ ಡಾಂಬರು ಕಿತ್ತಿದೆ, ಎಲ್ಲಿ ಖಡಿ ಚೆಲ್ಲಿದೆ, ಯಾವ ತಿರುವು ಕೊನೆಯಲ್ಲಿ ಮತ್ತಷ್ಟು ಬಿಗಿಯಾಗುತ್ತದೆ, ಎಲ್ಲಿ ದನದ ದಾರಿ ಅಡ್ಡ ಬರುತ್ತದೆ, ಎಲ್ಲವನ್ನೂ ಗುರುತಿಟ್ಟುಕೊಳ್ಳಿ. ಮರದ ನೆರಳಿನ ತಾವು ಇಬ್ಬನಿಗೆ ಹಸಿಯಾಗಿದ್ದರೆ ನೀವು ಇಳಿಯುವ ಹೊತ್ತಿಗೂ ಹಸಿಯೇ. ಗಾಳಿಯನ್ನೂ ನೋಡಿ. ಚಳಿಗಾಲದಲ್ಲಿ ನಮ್ಮಲ್ಲಿ ಮೂಡಗಾಳಿ, ಗುಡ್ಡದ ಮೇಲೆ ಕರೆಂಟು ತೆಗೆಯುವ ಆ ಗಾಳಿ ಫ್ಯಾನುಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ದಿಬ್ಬದ ಮರೆಯಿಂದ ಬಯಲಿಗೆ ಬಂದ ಕೂಡಲೇ ಅಡ್ಡಗಾಳಿ ಸೈಕಲ್ಲನ್ನು ಒಂದು ಮೊಳ ಪಕ್ಕಕ್ಕೆ ತಳ್ಳುತ್ತದೆ. ಯಾವ ತಿರುವಿನ ಆಚೆ ಹೀಗಾಗುತ್ತದೆ ಅಂತ ಗೊತ್ತಿದ್ದರೆ ಅಲ್ಲಿ ಹ್ಯಾಂಡಲ್ ಗಟ್ಟಿ ಹಿಡಿದಿರುತ್ತೀರಿ.

ಬೀಡಿ-ಸಿಗರೇಟು, ಚಹಾಕ್ಕೆ ಅಂತ ಒಲೆ ಹೂಡುವುದು ಯಾವುದೂ ಬೇಡ. ಆ ಹುಲ್ಲು ಕಿಡಿ ಕಾಯುತ್ತಾ ಒಣಗಿ ನಿಂತಿರುತ್ತದೆ.

ತುದಿಯಲ್ಲಿ ಐದು ನಿಮಿಷ

ಇಡೀ ಸವಾರಿಯಲ್ಲಿ ಈ ಐದು ನಿಮಿಷದಷ್ಟು ಮುಖ್ಯವಾದದ್ದು ಬೇರೆ ಇಲ್ಲ.

1988ರ ಜೂನ್ 5ರಂದು ಇಟಲಿಯ ಜಿರೋ ದಿ ಇಟಾಲಿಯಾ ಸೈಕಲ್ ಪಂದ್ಯ 2,600 ಮೀಟರ್ ಎತ್ತರದ ಗಾವಿಯಾ ಘಾಟಿಯನ್ನು ದಾಟಿತು. ಹಿಮ ಸುರಿಯುತ್ತಿತ್ತು. ನೆದರ್ಲೆಂಡ್ಸ್‌ನ ಯೋಹಾನ್ ವಾನ್ ಡರ್ ವೆಲ್ಡೆ ಗಿಡ್ಡ ತೋಳಿನ ಅಂಗಿಯಲ್ಲೇ ಎಲ್ಲರಿಗಿಂತ ಮೊದಲು ನೆತ್ತಿ ಮುಟ್ಟಿದ. ಇಳಿಯುವಾಗ ಮೈ ಸೆಟೆದು ಮುಂದೆ ಸಾಗಲಾಗದೆ ನಡುವೆ ಆಸರೆ ಹುಡುಕಿ ನಿಲ್ಲಬೇಕಾಯಿತು. ಕೆಳಗೆ ಬೋರ್ಮಿಯೋ ಊರು ಸೇರುವಾಗ ಆ ದಿನ ಗೆದ್ದವನಿಗಿಂತ ಮುಕ್ಕಾಲು ತಾಸು ಹಿಂದೆ. ಮೊದಲೇ ಬೆಚ್ಚನೆಯ ಬಟ್ಟೆಯ ವ್ಯವಸ್ಥೆ ಮಾಡಿಕೊಂಡಿದ್ದ ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್‌ಗೆ ಆ ದಿನ, ಪಂದ್ಯದಲ್ಲಿ ಒಟ್ಟಾರೆ ಮುಂದಿರುವವನಿಗೆ ಕೊಡುವ ಗುಲಾಬಿ ಅಂಗಿ ಸಿಕ್ಕಿತು.

ನಮ್ಮದು ಹಿಮದ ಥಂಡಿಯಲ್ಲ ನಿಜ. ಆದರೆ ಲೆಕ್ಕ ಒಂದೇ. 10 ಡಿಗ್ರಿ ಹವೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿದರೆ ಬರಿಯ ಚರ್ಮಕ್ಕೆ ತಗಲುವ ಥಂಡಿ 6 ಡಿಗ್ರಿಯಷ್ಟು. ಅದೂ ಒಣ ಮೈಗೆ. ತೊಯ್ದ ಮೈಗೆ ಇನ್ನೂ ಜೋರು.

ಅದಕ್ಕೇ ತುದಿ ಮುಟ್ಟಿದ ಕೂಡಲೇ, ಮೈ ಇನ್ನೂ ಬಿಸಿಯಿರುವಾಗಲೇ, ಫೋಟೊಕ್ಕೂ ಮುಂಚೆ ಬಟ್ಟೆ ಬದಲಿಸಿ. “ಇನ್ನೂ ಸೆಕಿ ಆಗಾಕತ್ತೇತಿ, ಆಮ್ಯಾಲೆ ಹಾಕ್ಕೋತೀನಿ” ಅನ್ನುವವರ ಮಾತು ಕೇಳಬೇಡಿ. ಕೋಟು ಇದ್ದ ಬಿಸಿಯನ್ನು ಹಿಡಿದಿಡುತ್ತದೆ, ಹೊಸದಾಗಿ ಹುಟ್ಟಿಸುವುದಿಲ್ಲ. ಕಲ್ಲಿನ ಮರೆಗೆ ಹೋಗಿ ತೊಯ್ದ ಬನಿಯನ್ ತೆಗೆದು ಒಣದ್ದು ಹಾಕಿ, ಎದೆಗೆ ಪೇಪರ್, ಮೇಲೆ ಮಳೆಕೋಟು, ಕಿವಿಗೆ ಬಟ್ಟೆ, ಕೊನೆಗೆ ಕೈಗವಸು.

ಆಮೇಲೆ ಏನಾದರೂ ತಿನ್ನಿ. ಎರಡು ಶೇಂಗಾ ಉಂಡಿ, ಒಂದು ಬಾಳೆಹಣ್ಣು, ಥರ್ಮಾಸ್‌ನ ಬಿಸಿ ಚಹಾ ಸಾಕು. ರೊಟ್ಟಿ-ಚಟ್ನಿಯ ಬುತ್ತಿ ಕೆಳಗೆ ಬಿಚ್ಚಿ. ನೀರು ಕುಡಿಯುವುದನ್ನು ಮರೆಯಬೇಡಿ, ಥಂಡಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. “ಒಂದು ಪೆಗ್ ಹಾಕಿದರ ಬೆಚ್ಚಗಾಗ್ತೈತಿ” ಅನ್ನುವ ಪಂಡಿತ ಗುಂಪಿನಲ್ಲಿದ್ದರೆ ಅವನಿಗೆ ಹೇಳಿ: ಬೆಚ್ಚಗಾದಂತೆ ಅನ್ನಿಸುವುದು ಚರ್ಮಕ್ಕೆ ನೆತ್ತರು ನುಗ್ಗುವುದರಿಂದ, ಒಳಗಿನ ಬಿಸಿ ಹೊರಗೆ ಹೋಗುವುದೂ ಅದೇ ದಾರಿಯಿಂದ.

ಕೊನೆಗೆ ಬೆರಳ ಪರೀಕ್ಷೆ. ಹೆಬ್ಬೆರಳನ್ನು ಕಿರುಬೆರಳ ತುದಿಗೆ ಮುಟ್ಟಿಸಿ. ಸಲೀಸಾಗಿ ಮುಟ್ಟಿದರೆ ಹೊರಡಿ. ತಡವರಿಸಿದರೆ ಕೈಯನ್ನು ಕಂಕುಳಲ್ಲಿ ಹಿಡಿದು ಬೆಚ್ಚಗಾಗುವವರೆಗೆ ನಿಲ್ಲಿ. ನಾವೀಗ ಎಲ್ಲರೂ ವೃತ್ತ ನಿಂತು ಶಾಲೆಯ ಮಕ್ಕಳ ಹಾಗೆ ಬೆರಳು ಎಣಿಸುತ್ತೇವೆ. ಎಣಿಸುವುದು ಮಾಸ್ತರರೇ.

ಇಳಿಯುವುದು

ಮೊದಲ ನೂರು ಮೀಟರ್ ನಿಧಾನ ಇಳಿದು ಎರಡೂ ಬ್ರೇಕ್ ಹಿಡಿದು ನೋಡಿ. ಬೆರಳು ಎರಡು ಯಾವಾಗಲೂ ಹಿಡಿಕೆಯ ಮೇಲಿರಲಿ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ಬ್ರೇಕಿನ ದೂರ ನಾಲ್ಕು ಪಟ್ಟು. 20ರಲ್ಲಿ ಸಲೀಸಾಗಿ ನಿಂತ ಜಾಗಕ್ಕೂ 40ರಲ್ಲಿ ನಿಲ್ಲುವ ಜಾಗಕ್ಕೂ ಸಂಬಂಧವೇ ಇಲ್ಲ.

ಮುಂದಿನ ಬ್ರೇಕಿಗೆ ಅಂಜಬೇಡಿ. ಹಿಂದಿನದನ್ನೊಂದೇ ಹಿಡಿದರೆ ಗಾಲಿ ಜಾರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಎರಡನ್ನೂ ಕೂಡಿ, ಒಮ್ಮೆಲೇ ಅಮುಕದೆ ಮೆಲ್ಲಗೆ ಒತ್ತಿ, ಸೀಟಿನ ಮೇಲೆ ಕೊಂಚ ಹಿಂದಕ್ಕೆ ಸರಿಯಿರಿ. ಖಡಿ ಇರುವಲ್ಲಿ ಮುಂದಿನದನ್ನು ಸಡಿಲಿಸಿ. ಉದ್ದನೆಯ ಇಳುಕಿನಲ್ಲಿ ಬ್ರೇಕ್ ಎಳೆದುಕೊಂಡೇ ಇಳಿದರೆ ರಿಮ್, ರಬ್ಬರ್ ಕಾಯುತ್ತವೆ, ಬೆರಳೂ ದಣಿಯುತ್ತವೆ. ಗಟ್ಟಿ ಹಿಡಿದು ವೇಗ ಇಳಿಸಿ, ಬಿಟ್ಟು ಬಿಡಿ, ಮತ್ತೆ ಹಿಡಿಯಿರಿ. ಬಿಟ್ಟ ಆ ಎರಡು ಗಳಿಗೆಯಲ್ಲಿ ಬೆರಳು ಆಡಿಸಿ, ನೆತ್ತರು ಓಡಲಿ.

ತಿರುವಿನಲ್ಲಿ ಬ್ರೇಕ್ ಹಿಡಿಯುವುದಲ್ಲ, ತಿರುವಿಗೆ ಮುಂಚೆ. ವೇಗ ಮೊದಲೇ ಇಳಿಸಿ, ಹೊರಗಡೆಯ ಪೆಡಲ್ ಕೆಳಗೆ ಒತ್ತಿ, ಕಣ್ಣು ತಿರುವಿನ ಆಚೆಗೆ ಇಡಿ. ಗುಂಡಿ ನೋಡುತ್ತಾ ಹೋದವನು ಗುಂಡಿಗೇ ಹೋಗುತ್ತಾನೆ. ಬಲತಿರುವಿನಲ್ಲಿ ಅಡ್ಡದಾರಿ ಹಿಡಿಯುವ ಆಸೆ ಬರುತ್ತದೆ; ಎದುರಿಗೆ ಫ್ಯಾನಿನ ಕೆಲಸದ ಜೀಪು ಬರುತ್ತಿದ್ದರೆ ಅವನಿಗೂ ಜಾಗವಿಲ್ಲ, ನಿಮಗೂ ಇಲ್ಲ. ಎಡದಲ್ಲೇ ಇರಿ.

ನಡುಕ ಬಂದರೆ ಒಂದು ವಿಚಿತ್ರ ನಡೆಯುತ್ತದೆ: ಮೈಯ ನಡುಕ ಹ್ಯಾಂಡಲ್ಲಿಗೆ ಇಳಿದು ಸೈಕಲ್ಲೇ ಗಡಗಡ ಅನ್ನುತ್ತದೆ. ಹೆದರಿ ಹ್ಯಾಂಡಲ್ ಬಿಗಿಹಿಡಿದಷ್ಟೂ ಹೆಚ್ಚು. ಹಿಡಿತ ಸಡಿಲಿಸಿ, ಎರಡೂ ಮೊಣಕಾಲಿನಿಂದ ಸೈಕಲ್ಲಿನ ದಂಡಿಗೆಯನ್ನು ಅಮುಕಿ ಹಿಡಿಯಿರಿ, ಮೆಲ್ಲಗೆ ಬ್ರೇಕ್ ಒತ್ತಿ ನಿಲ್ಲಿ. ನಿಂತು ಹತ್ತು ಸಲ ಬಸ್ಕಿ ಹೊಡೆದರೆ ಮೈ ಕಾಯುತ್ತದೆ.

ಗೆಳೆಯರಿಂದ ಗೆಳೆಯರನ್ನು ಕಾಪಾಡುವುದು

ಒಬ್ಬನೇ ಇಳಿಯುವವನು ತನ್ನ ಅಳತೆಯಲ್ಲಿ ಇಳಿಯುತ್ತಾನೆ. ಆರು ಜನ ಕೂಡಿದರೆ ಪ್ರತಿಯೊಬ್ಬನೂ ಮುಂದಿನವನ ಅಳತೆಯಲ್ಲಿ ಇಳಿಯುತ್ತಾನೆ. ಅಪಾಯದ ಬೇರು ಅಲ್ಲಿದೆ. ನಮ್ಮ ಬಳಗದ ಹುಡುಗರಿಬ್ಬರು ಮೊದಮೊದಲು “ಯಾರು ಮೊದ್ಲ ಡೋಣಿ ಮುಟ್ತಾರ ನೋಡೋಣು” ಅನ್ನುತ್ತಿದ್ದರು. ಈಗ ಪಣ ತಿರುವುಮುರುವು: ಕೊನೆಗೆ ಮುಟ್ಟಿದವರ ಚಹಾದ ದುಡ್ಡು ಮೊದಲು ಮುಟ್ಟಿದವನದು. ಚಹಾ ಹತ್ತು ರೂಪಾಯಿ, ಆದರೂ ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಮುಂದೆ ದಾರಿ ಗೊತ್ತಿರುವ, ವೇಗದ ಚಟವಿಲ್ಲದವನು. ಹೊಸಬರು ನಡುವೆ. ಬಾಲಕ್ಕೆ ಪಂಪು, ಔಷಧದ ಚೀಲ ಹಿಡಿದ ಅನುಭವಸ್ಥ; ಅವನನ್ನು ದಾಟಿ ಯಾರೂ ಹಿಂದೆ ಉಳಿಯಬಾರದು. ಒಬ್ಬರಿಂದೊಬ್ಬರಿಗೆ ಮೂರು ಸೆಕೆಂಡಿನ ಅಂತರ ಬೇಕು. ಗಂಟೆಗೆ 30ರ ವೇಗದಲ್ಲಿ ಅದು 25 ಮೀಟರ್, ಎಂದರೆ ಎರಡು ಬಸ್ಸುಗಳಷ್ಟು ಉದ್ದ. ಸಮತಟ್ಟಿನಲ್ಲಿ ಗಾಳಿಮರೆಗೆ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವ ರೂಢಿಯನ್ನು ತುದಿಯಲ್ಲೇ ಬಿಟ್ಟು ಬನ್ನಿ. ಅಕ್ಕಪಕ್ಕ ಇಳಿಯುತ್ತಾ ಮಾತಾಡುವುದನ್ನೂ.

ಇಳಿಯುವಾಗ ಕೈ ಎತ್ತಿ ಸನ್ನೆ ಮಾಡಬೇಡಿ, ಆ ಕೈ ಬ್ರೇಕಿಗೆ ಬೇಕು. ಒಂದೇ ಮಾತಿನಲ್ಲಿ ಕೂಗಿ: “ಖಡಿ!”, “ದನಾ!”, “ಗಾಡಿ!” ಕೇಳಿದವನು ಹಿಂದಿನವನಿಗೆ ಅದನ್ನೇ ದಾಟಿಸಬೇಕು. “ಅಣ್ಣಾ, ಅಲ್ಲಿ ಎಡಕ್ಕ ಒಂದು ದೊಡ್ಡ ಗುಂಡಿ ಐತಿ ನೋಡ್ರಿ” ಅನ್ನುವಷ್ಟರಲ್ಲಿ ಗುಂಡಿ ದಾಟಿ ಹೋಗಿರುತ್ತದೆ, ಇಲ್ಲವೇ ನೀವು ಅದರೊಳಗೆ ಇರುತ್ತೀರಿ. ಕುರಿಹಿಂಡು ಎದುರಾದರೆ ಗಂಟೆ ಬಾರಿಸಿ ನಡುವೆ ನುಗ್ಗದೆ ಇಳಿದು ನಿಲ್ಲಿ. ಕುರುಬಣ್ಣನ ನಾಯಿಗೆ ಓಡುವ ಗಾಲಿ ಕಂಡರಾಗದು.

ಮೊದಲೇ ಗೊತ್ತು ಮಾಡಿದ ಎರಡು-ಮೂರು ತಾವುಗಳಲ್ಲಿ ಎಲ್ಲರೂ ನಿಂತು ತಲೆ ಎಣಿಸಬೇಕು. ನಿಲ್ಲುವುದು ತಿರುವಿನಲ್ಲಲ್ಲ, ನೇರ ದಾರಿಯಲ್ಲಿ, ಡಾಂಬರು ಬಿಟ್ಟು ಕೆಳಗೆ. ಅಲ್ಲಿ “ಹೆಂಗದೀರಿ” ಅಂತ ಕೇಳಿ ಸುಮ್ಮನಾಗಬೇಡಿ, “ಆರಾಮ” ಅನ್ನುವುದು ನಮ್ಮವರ ಬಾಯಿಪಾಠ. ಮುಖ ನೋಡಿ. ಮಾತು ತೊದಲುತ್ತಿದ್ದರೆ, ಬಾಟಲಿಯ ಮುಚ್ಚಳ ತೆಗೆಯಲು ತಡಕಾಡುತ್ತಿದ್ದರೆ, ತಡೆಯಲಾಗದ ನಡುಕವಿದ್ದರೆ ಅವರ ಸವಾರಿ ಅಲ್ಲಿಗೆ ಮುಗಿಯಿತು. ಗಾಳಿಮರೆಗೆ ಕರೆದೊಯ್ದು, ಒಣಬಟ್ಟೆ ಹಾಕಿಸಿ, ಸುತ್ತ ಒತ್ತಾಗಿ ಕೂತು, ನುಂಗಲು ಬರುತ್ತಿದ್ದರೆ ಸಿಹಿ ಚಹಾ ಕುಡಿಸಿ. ಕೈಕಾಲು ಜೋರಾಗಿ ತಿಕ್ಕಬೇಡಿ. ನಡುಕ ತಾನಾಗಿ ನಿಂತು ಮಂಪರು ಬಂದರೆ ಅದು ಗುಣವಾದದ್ದಲ್ಲ, ಕೆಟ್ಟದಾದದ್ದು. ತಡಮಾಡದೆ 108ಕ್ಕೆ ಕರೆ ಮಾಡಿ. ಮೊಬೈಲಿಗೆ ಸಿಗ್ನಲ್ ಸಿಗುವ ತಾವು ಯಾವುದು ಅಂತ ಹತ್ತುವಾಗಲೇ ನೋಡಿಟ್ಟುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಯಾವ ದಾರಿಗೆ ಹೋಗಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ.

ಕೆಳಗೆ ಬಂದ ಮೇಲೆ

ಕೋಟು, ಪೇಪರ್ ಒಮ್ಮೆಲೇ ಕಿತ್ತೆಸೆಯಬೇಡಿ. ಡಂಬಳದವರೆಗೆ ಪೆಡಲ್ ತುಳಿದು ಮೈ ಕಾದ ಮೇಲೆ ಒಂದೊಂದಾಗಿ ತೆಗೆಯಿರಿ. ರಿಮ್, ಡಿಸ್ಕುಗಳನ್ನು ಕೂಡಲೇ ಬೆರಳಿಂದ ಮುಟ್ಟಿ ನೋಡುವ ಕುತೂಹಲ ಬೇಡ, ಸುಡುತ್ತವೆ. ಬ್ರೇಕ್ ರಬ್ಬರ್ ಎಷ್ಟು ಸವೆದಿದೆ ಅಂತ ನೋಡಿ, ಗಾಲಿಗೆ ಮುಳ್ಳು ಸಿಕ್ಕಿದ್ದರೆ ಗದಗಿಗೆ ಹೊರಡುವ ಮುಂಚೆ ಕಿತ್ತು ಹಾಕಿ. ಬುತ್ತಿ ಈಗ ಬಿಚ್ಚಬಹುದು. ಹೋಗುವಾಗ ಎದೆಗೆ ಹೊಡೆದ ಮೂಡಗಾಳಿ ಡಂಬಳದಿಂದ ವಾಪಸ್ ಬರುವಾಗ ಬೆನ್ನ ಕಡೆಗೆ ಬಂದಿರುತ್ತದೆ. ಮಾಸ್ತರರು ಆ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾರೆ, ಚಹಾದ ಪಣ ಡೋಣಿಗೇ ಮುಗಿದಿರುತ್ತದಲ್ಲ.